ಜನ ಕರೆದವಳು

೧೯೫೮ರ ಬೇಸಿಗೆಯಲ್ಲಿ ಯಲಹಂಕಕ್ಕೆ ಹೋಗುವ ಖಾಸಗಿ ಬಸ್ಸಿನ ಮಾಲೀಕ, ಹುಣಸಮಾರನಹಳ್ಳಿಯಲ್ಲಿ ಸೊಪ್ಪಿನ ಮಂಕರಿಗಳನ್ನು ಹತ್ತಿಸಬಾರದೆಂದು ಅಪ್ಪಣೆ ಮಾಡಿದ. ಸೊಪ್ಪು ಮಾರುವ ಅಂಜನಮ್ಮ ಮನೆಮನೆಗೆ ಹೋಗಿ ನಲವತ್ತು ಜನರನ್ನು ಸೇರಿಸಿದಳು.

"ರಸ್ತೇಲಿ ಕೂತ್ಕೊಳಾಣ. ಬಾಯಿ ಎಷ್ಟಾದ್ರೂ ಮಾಡ್ರಿ, ಕಲ್ಲು ಮಾತ್ರ ಮುಟ್ಬೇಡಿ" ಎಂದು ಎಲ್ಲರಿಗೂ ಹೇಳಿದಳು.

ಬಸ್ಸು ನಿಂತಿತು. ಮಾತಿಗೆ ಮಾತು ಬೆಳೆಯಿತು. ಹಿಂದಿನಿಂದ ತೂರಿ ಬಂದ ಕಲ್ಲೊಂದು ಕಂಡಕ್ಟರ್ ಬ್ಯಾಟರಾಯಪ್ಪನ ಹಣೆ ಒಡೆಯಿತು. ಅಂಜನಮ್ಮ ಓಡಿಹೋಗಿ ಅವನಿಗೆ ಅಡ್ಡ ನಿಂತಳು. ಎರಡನೆಯ ಕಲ್ಲು ಅವಳ ಭುಜಕ್ಕೇ ಬಿತ್ತು. ಸೆರಗು ಹರಿದು ಅವನ ಹಣೆಗೆ ಕಟ್ಟುವಷ್ಟರಲ್ಲಿ ಪೊಲೀಸರು ಬಂದರು.

"ಕಲ್ಲು ಯಾರೇ ಹೊಡೀಲಿ, ಜನ ಕರ್ದೋಳು ನೀನು. ಕೇಸು ನಿನ್ ಮೇಲೇನೇ" ಎಂದ ದಫೇದಾರ.

"ಕರ್ದೋಳು ನಾನೇ ಸ್ವಾಮಿ. ಎಲ್ ಬೇಕಾದ್ರೂ ಒಪ್ಕೋತೀನಿ."

ಕಲ್ಲೆಸೆದವನು ಅವಳ ಮೈದುನ ಕದಿರಪ್ಪ. ಅವಳು ಕಣ್ಣಾರೆ ಕಂಡಿದ್ದಳು.

"ಮನೆ ಮಗ ಕಣವ್ವ, ಬಾಯಿ ಬಿಡ್ಬೇಡ" ಎಂದು, ಜಾಮೀನಿನ ಮೇಲೆ ಮನೆಗೆ ಬಂದ ಸೊಸೆಗೆ ಅತ್ತೆ ಮುನಿಶಾಮಮ್ಮ ಕೈ ಮುಗಿದಳು.

ಅಂಜನಮ್ಮ ಮೈದುನನನ್ನೇ ಕರೆದು ಕೂರಿಸಿಕೊಂಡಳು. "ನೀನಾಗೇ ಒಪ್ಕೊಂಡ್ರೆ ನಿಂಗೇ ಮರ್ವಾದೆ ಕಣಪ್ಪ. ನನ್ ಕೇಳಿದ್ರೆ ನಾನಂತೂ ಸುಳ್ಳಾಡಕಿಲ್ಲ."

ಕೋರ್ಟಿನಲ್ಲಿ ಸರ್ಕಾರಿ ವಕೀಲರು, ಗುಂಪು ಕಟ್ಟಿದವಳೇ ಗಾಯಕ್ಕೂ ಹೊಣೆ ಎಂದು ವಾದಿಸಿದರು. ಬ್ಯಾಟರಾಯಪ್ಪ ಸಾಕ್ಷಿ ಕಟ್ಟೆ ಹತ್ತಿ, "ಈಯಮ್ಮ ಅಡ್ಡ ಬರ್ದಿದ್ರೆ ನನ್ ಕಣ್ಣೇ ಹೋಗ್ತಿತ್ತು ಸ್ವಾಮಿ" ಎಂದ.

ಮ್ಯಾಜಿಸ್ಟ್ರೇಟರು ಅಂಜನಮ್ಮನತ್ತ ತಿರುಗಿದರು. "ಕಲ್ಲೆಸೆದವರು ಯಾರೆಂದು ನಿನಗೆ ಗೊತ್ತೇನಮ್ಮ?"

"ಗೊತ್ತು ಸ್ವಾಮಿ."

ಹಿಂದಿನ ಬೆಂಚಿನಿಂದ ಕದಿರಪ್ಪ ಎದ್ದು ನಿಂತ. "ನಾನೇ ಸ್ವಾಮಿ. ಅತ್ಗೆ ಬ್ಯಾಡ ಅಂದಿದ್ರು."

"ಜನರನ್ನು ಕರೆದದ್ದು ಅಪರಾಧವಲ್ಲ. ಕಲ್ಲೆಸೆಯಲು ಕರೆದಳು ಎನ್ನುವುದಕ್ಕೆ ಸಾಕ್ಷಿಯಿಲ್ಲ" ಎಂದು ಮ್ಯಾಜಿಸ್ಟ್ರೇಟರು ಅವಳನ್ನು ಬಿಡುಗಡೆ ಮಾಡಿದರು. ಆಮೇಲೆ ನಡೆದ ಬೇರೆ ಕೇಸಿನಲ್ಲಿ ಕದಿರಪ್ಪನಿಗೆ ಹದಿನೈದು ದಿನದ ಸಜೆಯಾಯಿತು.

ತಾನು ಬಿಡುಗಡೆಯಾದ ದಿನವೇ ಕೋರ್ಟಿನ ಹೊರಗೆ ಅಂಜನಮ್ಮ ಬ್ಯಾಟರಾಯಪ್ಪನನ್ನು ತಡೆದು ನಿಲ್ಲಿಸಿದಳು. "ಕೋರ್ಟು ಬಿಡ್ತು. ಆದ್ರೂ ನಾನ್ ಕರ್ಕೊಂಡ್ ಬಂದ ಜನದಿಂದಾನೇ ನಿಮ್ಗೆ ಏಟಾಯ್ತು. ತಪ್ಪಾಯ್ತು ಕಣಣ್ಣ."

ಮುಂದಿನ ಸೋಮವಾರ ಅವಳು ಮತ್ತೆ ಮನೆಮನೆಗೆ ಹೋದಳು. ಈ ಸಲ ಎಪ್ಪತ್ತು ಜನ ಬಂದರು. ಪ್ರತಿ ಹತ್ತು ಜನರ ಮೇಲೆ ಕಣ್ಣಿಡಲು ಒಬ್ಬ ಹಿರಿಯಳನ್ನು ನೇಮಿಸಿ, ತಾನು ಎಲ್ಲರಿಗಿಂತ ಹಿಂದೆ ಕುಳಿತಳು. ಮೂರನೆಯ ದಿನ ಮಾಲೀಕ ಸೋತು, ಮಂಕರಿಗಳನ್ನು ಬಸ್ಸಿನ ಮೇಲೆ ಹೇರಲು ಒಪ್ಪಿದ.

ಮುನಿಶಾಮಮ್ಮ ಮಾತ್ರ, ಮಗ ಜೈಲಿನಿಂದ ಬರುವವರೆಗೂ ಸೊಸೆಯ ಜೊತೆ ಮಾತಾಡಲಿಲ್ಲ.