ಡೂಪ್ಲಿಕೇಟ್ ಮಾಲು

ಶೇಖಮ್ಮ ದಬ್ಬಣವನ್ನು ಕೌದಿಗೆ ಚುಚ್ಚಿ, ಹಲ್ಲು ಕಚ್ಚಿ ಎಳೆದಳು. ದಾರ ತುಂಡಾಯಿತು. ತುದಿಗೆ ಎಂಜಲು ಹಚ್ಚಿ ಮತ್ತೆ ಪೋಣಿಸಿದಳು. ಹೊರಗೆ ಅಂಗಳದಲ್ಲಿ ಗಂಡನ ಹೆಣಕ್ಕೆ ನೀರು ಹಾಕುತ್ತಿದ್ದರು. ಚೊಂಬು ಹಂಡೆಗೆ ಬಡಿಯುವ ಸದ್ದು ಒಳಗೂ ಕೇಳುತ್ತಿತ್ತು. ಎದೆ ಬಡಿದುಕೊಂಡು ಅಳಬೇಕಾದ ಹೊತ್ತಿನಲ್ಲಿ ಅವಳು ಒಳಕೋಣೆಯ ಅಗಳಿ ಹಾಕಿಕೊಂಡು ಹೊಲಿಗೆಗೆ ಕೂತಿದ್ದಳು.

ಕೌದಿಯ ಮಡಿಕೆಯಲ್ಲಿ ಇದ್ದದ್ದು ಗಂಡ ಅಂಬಪ್ಪನ ವಿಡಿಯೊ ಗೇಮ್ ಸೆಟ್ಟುಗಳು. ಟಿ.ವಿ.ಗೆ ವೈರು ಸಿಕ್ಕಿಸಿ ಆಡುವ, ಊಟದ ಡಬ್ಬಿಯಷ್ಟೇ ಹಗುರವಾದ ಪ್ಲಾಸ್ಟಿಕ್ ಪೆಟ್ಟಿಗೆಗಳು. ಜೋಳದ ಚೀಲಗಳ ಹಿಂದೆ, ಮಂಚದ ಕೆಳಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ತಂದು, ಆಟದ ಕ್ಯಾಸೆಟ್ಟುಗಳನ್ನೂ ನಡುವೆ ತುರುಕಿದ್ದಳು. ಸತ್ತವರು ಹೊದ್ದ ಕೌದಿ ಅವರ ಜೊತೆಗೇ ಮಣ್ಣಿಗೆ ಹೋಗಬೇಕೆಂಬುದು ಆ ಮನೆತನದ ರೂಢಿ. ನಸುಕಿನಲ್ಲಿ ಅದು ನೆನಪಾದಾಗ ಅವಳಿಗೆ ಉಸಿರು ಬಂದಿತ್ತು.

ಯಾರೋ ಬಾಗಿಲನ್ನು ಮೆಲ್ಲಗೆ ಬಡಿದರು. ಗಂಡನ ಗೆಳೆಯ ರಾಜೇಸಾಬ್. ಸಿಂಧನೂರಿನಿಂದ ಮೊದಲ ಬಸ್ಸಿಗೇ ಬಂದಿದ್ದ.

“ಯಕ್ಕಾ, ಮುಗೀತೇನ? ಹೊರಗ ಕೇಳಾಕತ್ಯಾರ.”

ಅವಳು ಅಗಳಿ ತೆಗೆದು ಗಂಟು ತೋರಿಸಿದಳು. ರಾಜೇಸಾಬ್ ಎತ್ತಿ ನೋಡಿ ಸುತ್ತ ಕಣ್ಣಾಡಿಸಿದ.

“ಬಾವ್ಯಾಗ ಒಗದ್ರ ಆಗತಿದ್ದಿಲ್ಲೇನಣ್ಣ?” ಎಂದಳು ಶೇಖಮ್ಮ.

“ಮೇ ತಿಂಗಳದಾಗ ಯಾವ ಬಾವ್ಯಾಗ ನೀರೈತಿ? ಇಣುಕಿದವ್ರಿಗೆಲ್ಲ ಕಾಣತಾವ. ಸುಟ್ರ ಓಣಿ ತುಂಬ ನಾತ. ನೀ ಮಾಡಿದ್ದ ಬರೋಬರಿ ಐತಿ. ಹೆಣ ಇಟ್ಟ ಕುಣಿ ಅಗಿಯಾಕ ಯಾವ ಪೊಲೀಸನೂ ಬರಂಗಿಲ್ಲ.” ಎಂದ ರಾಜೇಸಾಬ್. ಹೈದರಾಬಾದಿನಿಂದ ಈ ಮಾಲು ತಂದಾಗ ಅಂಬಪ್ಪನ ಜೊತೆ ಅವನೂ ಇದ್ದ.

*

ಅಂಬಪ್ಪ ತುರ್ವಿಹಾಳದವನು. ಅಪ್ಪ ಅಣ್ಣಂದಿರೆಲ್ಲ ಭತ್ತದ ಗದ್ದೆಯಲ್ಲಿ ಬಗ್ಗಿದರೆ ಇವನೊಬ್ಬ ಕೆಟ್ಟ ರೇಡಿಯೊ ಕಿವಿಗೆ ಹಿಡಿದುಕೊಂಡು ಕೂರುತ್ತಿದ್ದ. ಕೆಲಸಕ್ಕೆ ಬಾರದವನೆಂದು ಮನೆಯವರು ಬೈದರು. ಸಿಂಧನೂರಿನಲ್ಲಿ ರಾಜೇಸಾಬನ ಅಪ್ಪನ ಅಂಗಡಿ ಸೇರಿ ರೇಡಿಯೊ, ಟೇಪು, ಆಮೇಲೆ ಟಿ.ವಿ. ರಿಪೇರಿ ಕಲಿತ. ಮದುವೆಯಾದ ಮೇಲೆ ಮಸ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಹಾಕಿದ. ತೊಂಬತ್ತೆರಡರಲ್ಲಿ ಹೈದರಾಬಾದಿಗೆ ಸಾಮಾನು ತರಲು ಹೋದವನು ಒಂದು ಗೇಮ್ ಸೆಟ್ಟು ಕಂಕುಳಲ್ಲಿಟ್ಟುಕೊಂಡು ಬಂದ. ಅಸಲಿ ಬೇಕೋ ನಕಲಿ ಬೇಕೋ ಎಂದು ಅಲ್ಲಿನ ಅಂಗಡಿಯವ ಕೇಳಲೂ ಇಲ್ಲ, ಇವನಿಗೆ ಅದರಲ್ಲಿ ಎರಡು ನಮೂನೆ ಇವೆಯೆಂದು ಗೊತ್ತೂ ಇರಲಿಲ್ಲ. ಮಸ್ಕಿಯ ಸಂತೆಯಲ್ಲಿ ಅಸಲಿ ಎನ್ನುವುದು ಬದನೆಕಾಯಿ ಬಿಟ್ಟರೆ ಇನ್ನೇನಿತ್ತು?

ಗಂಟೆಗಿಷ್ಟು ದುಡ್ಡೆಂದು ಹುಡುಗರಿಗೆ ಆಡಲು ಬಿಟ್ಟ, ರಾಜೇಸಾಬನ ಜೊತೆ ಮತ್ತೆ ಹೋಗಿ ಇನ್ನಷ್ಟು ಸೆಟ್ಟು ತಂದ. ಅಂಗಡಿ ತುಂಬಿತು. ಸಂತೆಕಲ್ಲೂರು, ಗುರುಗುಂಟಾದಿಂದಲೂ ಹುಡುಗರು ಬಸ್ಸು ಹತ್ತಿ ಬಂದರು. ಶಾಲೆಯ ಹೊತ್ತಿನಲ್ಲಿ ಬಂದವರನ್ನು ಮಾತ್ರ ಅವನು ಕಿವಿ ಹಿಂಡಿ ಅಟ್ಟುತ್ತಿದ್ದ. ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು, ಬುತ್ತಿ ತಂದ ಶೇಖಮ್ಮನನ್ನು ಕೂರಿಸಿ ಅವಳ ಕೈಗೂ ಗುಂಡಿಗಳಿದ್ದ ಹಿಡಿಕೆ ಕೊಟ್ಟ. ಪರದೆಯ ಮೇಲಿನ ಗೊಂಬೆ ಓಡುತ್ತ ಓಡುತ್ತ ಸತ್ತಿತು. “ಹಾರಬೇ, ಹಾರು!” ಎಂದು ಅವನು ತೊಡೆ ತಟ್ಟಿಕೊಂಡು ನಕ್ಕಿದ್ದ. ಅವಳೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಹಾಗೆ ನಕ್ಕಿದ್ದು ಅದೊಂದೇ ಸಲವೇನೋ.

ಹತ್ತು ದಿನದ ಹಿಂದೆ ಸಫಾರಿ ತೊಟ್ಟವನೊಬ್ಬ ಕಂಪನಿಯ ಕಡೆಯವನೆಂದು ಹೇಳಿಕೊಂಡು ಅಂಗಡಿಗೆ ಬಂದ. ಇಂಗ್ಲಿಷಿನ ಹಾಳೆಯೊಂದನ್ನು ಅಂಬಪ್ಪನ ಮುಖದ ಮುಂದೆ ಹಿಡಿದ.

“ಇದೆಲ್ಲಾ ಡೂಪ್ಲಿಕೇಟ್ ಮಾಲು. ಕಂಪನಿಯವರ ಒಪ್ಪಿಗೆ ಇಲ್ದೆ ಕಾಪಿ ಹೊಡೆದದ್ದು. ಮಾಡಿದವನಷ್ಟೇ ಅಲ್ಲ, ಇಟ್ಕೊಂಡವನೂ ಕಳ್ಳ. ಪೊಲೀಸ್ರನ್ನ ಕರ್ಕೊಂಡು ಬರ್ತೀನಿ. ನೀನು ಸಿಗದಿದ್ರೆ ಮನೆಯಲ್ಲಿದ್ದವರನ್ನ ಎತ್ತಾಕ್ಕೊಂಡು ಹೋಗ್ತಾರೆ.”

ಮನೆಯಲ್ಲಿದ್ದವರೆಂದರೆ ಶೇಖಮ್ಮ ಮತ್ತು ಹದಿನಾರರ ಮಗಳು ಆದಮ್ಮ. ಅಂಬಪ್ಪ ಆವತ್ತೇ ಅಂಗಡಿಗೆ ಬೀಗ ಹಾಕಿ ಸೆಟ್ಟುಗಳನ್ನೆಲ್ಲ ಮನೆಗೆ ಸಾಗಿಸಿದ. ಲಿಂಗಸುಗೂರಿಗೆ ಹೋಗಿ ವಕೀಲರೊಬ್ಬರನ್ನು ಕೇಳಿದ. ಅವರು ಬಹಳ ಹೊತ್ತು ಫ್ಯಾನು ನೋಡಿ, “ಇಂಥಾ ಕೇಸು ನಾನೂ ನೋಡಿಲ್ಲೋ ತಮ್ಮ. ಅಪರಾಧ ಅಂದ್ರ ಅಪರಾಧ, ಅಲ್ಲಂದ್ರ ಅಲ್ಲ” ಎಂದರಂತೆ. ಹೌದು ಎಂದಿದ್ದರೆ ಅವನು ತಯಾರಾಗುತ್ತಿದ್ದ, ಅಲ್ಲ ಎಂದಿದ್ದರೆ ಉಣ್ಣುತ್ತಿದ್ದ. ಎರಡೂ ಇಲ್ಲದೆ ರೊಟ್ಟಿ ತಾಟಿನಲ್ಲೇ ಉಳಿಯತೊಡಗಿತು. ಬೀದಿಯಲ್ಲಿ ಮೋಟಾರಿನ ಸದ್ದಾದರೆ ಎದ್ದು ನಿಲ್ಲುತ್ತಿದ್ದ.

ನಿನ್ನೆ ಬೆಳಿಗ್ಗೆ ಪೊಲೀಸ್ ಜೀಪು ಬಂದು ಮನೆಯ ಮುಂದೆಯೇ ನಿಂತಿತು. ಎರಡು ಸಲ ಹಾರನ್ ಹೊಡೆಯಿತು. ಬಾಗಿಲ ಅಗಳಿ ಹಾಕಲು ಎದ್ದ ಅಂಬಪ್ಪ ಅದನ್ನು ಹಾಕಿದವನೇ ಎದೆ ಹಿಡಿದುಕೊಂಡು ಗೋಡೆಗುಂಟ ಜಾರಿ ಕೂತ. ಹೊರಗೆ ಯಾರೋ ಬಾಗಿಲು ತಟ್ಟಿದರು. ಶೇಖಮ್ಮ ಮಗಳ ಬಾಯಿ ಮುಚ್ಚಿ ಹಿಡಿದು ನಿಂತಳು. ಗಂಡ ಅವಳನ್ನೇ ನೋಡುತ್ತಿದ್ದ. ಆಗ ಅವನಿಗೆ ಜೀವವಿತ್ತು. ಜೀಪು ಹೋದದ್ದು ಖಾತ್ರಿಯಾದ ಮೇಲೆ ಅವಳು ಡಾಕ್ಟರ ಮನೆಗೆ ಓಡಿದಳು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಹಲಗೆ ಬಡಿತದ ಹಿಂದೆ ಹೆಣ ಹಳ್ಳದ ದಂಡೆಯ ಸುಡುಗಾಡಿಗೆ ಬಂತು. ಕೌದಿಯ ಗಂಟನ್ನು ಶೇಖಮ್ಮ ಯಾರ ಕೈಗೂ ಕೊಡದೆ ಕಂಕುಳಲ್ಲೇ ತಂದಳು. ಹೆಣ ಕುಣಿಗಿಳಿಸುವ ಹೊತ್ತಿಗೆ ಅಂಬಪ್ಪನ ಅಕ್ಕ ಜೋಗಮ್ಮ ಅಳು ನಿಲ್ಲಿಸಿ ಗಂಟಿಗೆ ಕೈ ಹಾಕಿದಳು.

“ಬಿಚ್ಚಬೇ, ಅವನ ಬುಡಕ್ಕ ಹಾಸೂಣು. ಇದನ್ನ್ಯಾಕ ಹಿಂಗ ಹೊಲದು ಇಟ್ಟೀ?”

“ಬ್ಯಾಡ ಯಕ್ಕಾ,” ಎಂದಳು ಶೇಖಮ್ಮ.

“ಬರೀ ನೆಲದ ಮ್ಯಾಲೆ ಮಲಗಸ್ತಿಯೇನ ನನ್ನ ತಮ್ಮನ್ನ?”

“ಬಿಚ್ಚಬ್ಯಾಡ ಅಂತ ಅವ್ರ ಹೇಳ್ಯಾರ. ಕಾಲಿನ ಕಡಿ ಇಡು ಅಂದಾರ.” ಬಾಯಿಗೆ ಬಂದ ಸುಳ್ಳು ಹಾಗೇ ಹೊರಬಿತ್ತು. ಜೋಗಮ್ಮ ಅನುಮಾನದಿಂದ ಗಂಟನ್ನು ಒತ್ತಿ ನೋಡಲು ಬಗ್ಗಿದಳು. ಅಷ್ಟರಲ್ಲಿ ರಾಜೇಸಾಬ್ ಅದನ್ನು ಕಸಿದುಕೊಂಡು ಕುಣಿಯೊಳಗೆ ನಿಂತಿದ್ದವನ ಕೈಗೆ ಕೊಟ್ಟುಬಿಟ್ಟ. “ಸತ್ತವ್ನ ಮಾತು ನಡಸ್ರವ್ವ,” ಎಂದ.

ಗಂಟು ಅಂಬಪ್ಪನ ಪಾದದ ಹತ್ತಿರ ಕೂತಿತು. ಶೇಖಮ್ಮ ಮಗಳನ್ನು ಹತ್ತಿರ ಎಳೆದುಕೊಂಡಳು. ಇನ್ನು ಹಿಡಿ ಮಣ್ಣು ಬಿದ್ದರೆ ಸಾಕು, ನಾನೂ ನನ್ನ ಮಗಳೂ ಉಳಿದೆವು ಎಂದುಕೊಂಡಳು. ಆಗ ಹಾರನ್ ಕೇಳಿತು.

ಪೊಲೀಸ್ ಜೀಪು ಹಳ್ಳದ ಉಸುಕಿನಲ್ಲಿ ಹೊರಳಾಡುತ್ತ ಬಂದು ನಿಂತಿತು. ಜನ ಸರಿದು ದಾರಿ ಬಿಟ್ಟರು. ಹಲಗೆ ತಾನಾಗಿ ನಿಂತುಹೋಯಿತು. ಠಾಣೆಯ ಪೇದೆ ತಾಯಪ್ಪ ಇಳಿದು ನೇರವಾಗಿ ಕುಣಿಯ ಕಡೆ ನಡೆದು ಬಂದ. ಆದಮ್ಮ ತಾಯಿಯ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ತಾಯಪ್ಪ ಟೋಪಿ ತೆಗೆದ. “ಈಗ ಗೊತ್ತಾತ್ರಿ. ಯಾವಾಗ ಹೋದ?”

“ನಿನ್ನೆ ಒಂಬತ್ತರ ಸುಮಾರಿಗೆ,” ಎಂದ ರಾಜೇಸಾಬ್.

“ಒಂಬತ್ತಕ್ಕ ನಾ ಅವ್ನ ಬಾಗಲಾ ಮುಂದನ ಇದ್ನಲ್ಲೋ! ಹಾರನ್ ಹೊಡದೆ, ಬಾಗಲಾ ಬಡದೆ, ಒಬ್ರೂ ಓ ಅನಲಿಲ್ಲ. ಒಳಗಿದ್ನೇನ? ಒಂದ ಮಾತು ಕೂಗಿದ್ರ ಜೀಪ್ನ್ಯಾಗ ಹಾಕ್ಕೊಂಡು ಲಿಂಗಸುಗೂರು ದವಾಖಾನಿಗೆ ಒಯ್ತಿದ್ದೆ.”

“ಯಾಕ ಬಂದಿದ್ರಿ?” ಎಂದಳು ಶೇಖಮ್ಮ.

ತಾಯಪ್ಪ ಹತ್ತಿರ ಬಂದು ದನಿ ತಗ್ಗಿಸಿದ. “ಈ ಹೊತ್ತಿನ್ಯಾಗ ಕೇಳಬಾರ್ದವ್ವ. ನಮ್ಮ ಸಾಹೇಬ್ರ ಮನಿದೊಂದು ಗೇಮ್ ಸೆಟ್ಟು, ಹದಿನೈದು ದಿನದ ಹಿಂದ ನಾನ ರಿಪೇರಿಗೆ ಕೊಟ್ಟಿದ್ದೆ. ಯಾರದಂತ ಹೇಳಿದ್ದಿಲ್ಲ. ರಜಾದಾಗ ಹುಡುಗ್ರು ಅಳಾಕತ್ಯಾವ.”

“ಅದೂ... ಡೂಪ್ಲಿಕೇಟನ ಏನ್ರಿ?” ರಾಜೇಸಾಬ್ ಕೇಳಿದ.

“ಮತ್ತೇನೋ ಮಾರಾಯಾ? ಅಸಲಿ ಈ ಕಡಿ ಯಾರು ಕಂಡಾರ?” ತಾಯಪ್ಪ ಮತ್ತೆ ಶೇಖಮ್ಮನ ಕಡೆ ತಿರುಗಿದ. “ಮನ್ಯಾಗ ಐತಿಲ್ಲ ಅದು?”

ರಾಜೇಸಾಬ್ ನೆಲ ನೋಡಿದ. ಶೇಖಮ್ಮ ಕುಣಿ ನೋಡಿದಳು. ಐತಿ ಎಂದರೆ ಗಂಟು ಮೇಲೆ ಬರಬೇಕು, ಊರ ಮುಂದೆ ಬಿಚ್ಚಬೇಕು. ಯಾಕೆ ಹೂಳಿದಿರಿ ಎಂದು ಕೇಳಿದರೆ ಏನೆನ್ನುವುದು? ಬಾಗಿಲು ಯಾಕೆ ತೆರೆಯಲಿಲ್ಲ ಎಂದರೆ?

“ನಮ್ಮನ್ಯಾಗ ಅಂತಾದ್ದು ಯಾವ್ದೂ ಇಲ್ರಿ.”

“ಇರತೈತಿ ತೊಗೊ, ನಿಂಗೆಲ್ಲಿ ಗೊತ್ತಾಗಬೇಕು. ಸಾಹೇಬ್ರು ಸಿಟ್ಟಿನ ಮನಷ್ಯಾ, ಬಿಡಾಂವಲ್ಲ. ಮೂರ್ದಿನದ ಕಾರ್ಯ ಮುಗೀಲಿ, ನಾಕ ಮಂದಿ ಬಂದು ಮನಿ ಹುಡುಕ್ತೀವಿ.” ಸಮಾಧಾನ ಹೇಳುವ ದನಿಯಲ್ಲೇ ಅಷ್ಟು ಹೇಳಿ, ತಾಯಪ್ಪ ಕುಣಿಯ ಅಂಚಿಗೆ ಬಂದು ಬಗ್ಗಿದ. ಮೂರು ಹಿಡಿ ಮಣ್ಣು ತೆಗೆದು ಹಾಕಿ ಕೈ ಮುಗಿದ.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮಣ್ಣು ಕೊಟ್ಟರು. ಅಂಬಪ್ಪನ ಮುಖ ಮುಚ್ಚಿತು, ಎದೆ ಮುಚ್ಚಿತು. ಸಲಿಕೆಯವರು ತಲೆಯ ಕಡೆಯಿಂದ ಸಾವಕಾಶವಾಗಿ ಮಣ್ಣು ಎಳೆಯುತ್ತಿದ್ದರು. ಪಾದದ ಕಡೆ ಕೌದಿಯ ಒಂದು ಮೂಲೆ ಹೊರಗೇ ಇತ್ತು. ತಾಯಪ್ಪ ಇನ್ನೂ ಅಲ್ಲೇ ನಿಂತಿದ್ದ.

ಶೇಖಮ್ಮ ಮಗಳ ಕೈ ಬಿಡಿಸಿಕೊಂಡು ಅಂಚಿನಲ್ಲಿ ಮಂಡಿಯೂರಿದಳು. ಎರಡೂ ತೋಳಿನಿಂದ ಮಣ್ಣು ಬಾಚಿ ಬಾಚಿ ಆ ಮೂಲೆಯ ಮೇಲೆ ತಳ್ಳತೊಡಗಿದಳು. ಬಳೆ ಒಡೆದು ಕೈ ರಕ್ತವಾಯಿತು. ನಿನ್ನೆಯಿಂದ ಬಾರದ ಅಳು ಈಗ ಬಾಯಿ ತೆರೆದುಕೊಂಡು ಬಂತು.

“ಹಿಡಕೊಳ್ರೆಬೇ ಆಕೀನ್ನ, ಗಂಡನ ಮ್ಯಾಲೆ ಬಿದ್ದಾಳು!” ಎಂದು ಜೋಗಮ್ಮ ಕೂಗಿದಳು. ನಾಲ್ಕು ಹೆಂಗಸರು ಬಂದು ಅವಳ ತೋಳು ಹಿಡಿದು ಹಿಂದಕ್ಕೆಳೆದರು. ಅವಳು ಬಿಡಿಸಿಕೊಂಡು ಮತ್ತೆ ಮಣ್ಣಿಗೆ ಕೈ ಹಾಕಿದಳು.