ನಿಧಾನ ತಿರುಗಿದ ತಂಗಿ

ಚಿಕ್ಕಪ್ಪನ ಹಾಸಿಗೆ ಅಂಗಡಿಯಲ್ಲಿ, ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಹಾಸಿಗೆ ಒರಗಿಸಿ, ಅಣ್ಣ ತಂಗಿ ಇಬ್ಬರೂ ಗೆಳೆಯರ ಜೊತೆ ಸೇರಿ ತಮ್ಮ ರಾಕ್ ಬ್ಯಾಂಡಿನ ಮೊದಲ ರೆಕಾರ್ಡು ಮಾಡಿದರು. ಯಾವ ಕಂಪನಿಯೂ ಮೂಸಿ ನೋಡದ ಕಾರಣ ಎಲ್ಲ ಕೆಲಸವೂ ಮನೆಯದೇ. ಗೆಳೆಯರು ಗಿಟಾರು ಹಿಡಿದರು. ಹಾಡು ಬರೆದು ಹಾಡಿದವಳು ತಂಗಿ, ಡ್ರಮ್ಮು ಬಾರಿಸಿದವನು ಅಣ್ಣ. ಔಷಧಿ ಶೀಶೆಯ ಚೀಟಿ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅವನಿಗೆ ಕೆಲಸ. ರೆಕಾರ್ಡಿನ ನಡುವಿನ ದುಂಡು ಚೀಟಿಯನ್ನೂ ಅವನೇ ಅಚ್ಚು ಹಾಕಿದ. ಮಹಾಶಯ ಎಡವಿದ್ದು ಅಲ್ಲೇ. ಬೇಗ ತಿರುಗಿಸಬೇಕಾದ ರೆಕಾರ್ಡಿನ ಚೀಟಿಯಲ್ಲಿ ನಿಧಾನ ತಿರುಗಿಸುವ ವೇಗ ಅಚ್ಚು ಹಾಕಿಬಿಟ್ಟ.

ಕೊಂಡವರು ಚೀಟಿ ನೋಡಿ ಹಾಗೇ ತಿರುಗಿಸಿದರು. ತಂಗಿಯ ಚೂಪು ದನಿ ಗಡಸು ಗಂಡಸಿನ ದನಿಯಾಯಿತು. ಚಟಪಟ ಹಾಡು ಎಳೆದೆಳೆದು ಗೋಳಿನ ಹಾಡಾಯಿತು; ಒಂದು ಮಾತೂ ತಿಳಿಯುವಂತಿರಲಿಲ್ಲ. ಜನ ಅತ್ತೇ ಅತ್ತರು. "ಎಂಥ ನೊಂದ ಜೀವ, ಪಾಪ!" ಎಂದು ರೇಡಿಯೊದವನು ಗದ್ಗದಿತನಾದ. ಮನೆಯವರಿಗೆ ಎಡವಟ್ಟು ಗೊತ್ತಾದದ್ದೇ ಆಗ. ಮಾರನೆಯ ದಿನ ದೊಡ್ಡ ಸಭಾಂಗಣದಿಂದ ಬಂದು ಹಾಡಿ ಎಂದು ಕರೆ ಬಂತು.

ತಂಗಿಗೆ ಹೊಟ್ಟೆ ಉರಿದುಹೋಯಿತು. ಗಂಟಲು ತನ್ನದು, ಹೊಗಳಿಕೆ ಮಾತ್ರ ಎಲ್ಲೂ ಇಲ್ಲದ ಯಾವನೋ ಗಂಡಸಿಗೆ! ಸಾಲದ್ದಕ್ಕೆ ಅಣ್ಣ ಒಂದು ಉಪಾಯ ತೆಗೆದ.

"ಚಿಕ್ಕಪ್ಪನ ದನಿ ಥೇಟ್ ಹಾಗೇ ಇದೆ. ಅವನು ಹಾಡ್ಲಿ. ನೀನು ಹಿಂದೆ ನಿಂತು ಚಪ್ಪಾಳೆ ತಟ್ಟು."

"ತಪ್ಪು ನಿಂದು, ಹಿಂದೆ ನಿಲ್ಲೋಳು ನಾನಾ?"

"ಒಂದೇ ಒಂದ್ಸಲ ಕಣೇ."

ಒಂದು ಸಲ ಬಿಟ್ಟುಕೊಟ್ಟರೆ ಮೈಕು ಮತ್ತೆ ತನ್ನ ಕೈಗೆ ಬರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಮೊದಲ್ನೇ ಹಾಡು ನಂದು. ಜನ ಬೇಡ ಅಂದ್ರೆ ನಾನೇ ಇಳಿದು ಹೋಗ್ತೀನಿ" ಎಂದಳು. ಅವಳು ಇಳಿಯುವುದು ಗ್ಯಾರಂಟಿ ಎಂದುಕೊಂಡು ಅಣ್ಣ ಒಪ್ಪಿದ.

ಆ ಸಂಜೆ ಚಿಕ್ಕಪ್ಪ ಕಪ್ಪು ಅಂಗಿ ತೊಟ್ಟು ವೇದಿಕೆಯ ಪಕ್ಕದಲ್ಲೇ ತಯಾರಾಗಿ ನಿಂತಿದ್ದ. ತಂಗಿ ಬಾಯಿ ತೆರೆದದ್ದೇ ತಡ, ಸಭೆ ಗೊಳ್ಳೆಂದಿತು. "ಆ ಗಂಡಸನ್ನ ಕರೀರಮ್ಮ!" ಎಂದು ಯಾರೋ ಕೂಗಿದರು. ಆದರೂ ಅವಳು ಬಿಡಲಿಲ್ಲ, ರೆಕಾರ್ಡಿನ ಅದೇ ಹಾಡನ್ನು ತಾನು ಬರೆದ ವೇಗದಲ್ಲೇ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹಾಡಿದಳು.

"ತಿಂದ ತಟ್ಟೆ ಎತ್ತೋದಿಲ್ಲ, ಒದ್ದೆ ಟವೆಲ್ ಒಣಗ್ಸೋದಿಲ್ಲ,
ಕೂಗಿದ್ರೆ ಕಿವಿ ಕೇಳೋದಿಲ್ಲ, ದೊರೆ ಮಗ ನಮ್ಮಣ್ಣ!"

ಇಷ್ಟು ಜನ ಕಣ್ಣೀರಿಟ್ಟದ್ದು ಒಂದು ಎಂಜಲು ತಟ್ಟೆಗೆ! ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದಲ್ಲಿದ್ದ ಗಂಡನನ್ನು ಮೊಣಕೈಯಿಂದ ತಿವಿದಳು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಹಿಂದಿನವರು ಎದ್ದು ಕುಣಿಯತೊಡಗಿದರು.

ಡ್ರಮ್ಮಿನ ಹಿಂದೆ ಅಣ್ಣನ ಮುಖ ಹುಳ್ಳಗಾಯಿತು. ಹಾಡಿನಲ್ಲಿ ಎಲ್ಲಿ ಹೊಡೆಯಬೇಕು ಎಂಬುದನ್ನು ಬಿಟ್ಟು ಬೇರೇನನ್ನೂ ಅವನು ಈವರೆಗೆ ಕೇಳಿಸಿಕೊಂಡವನಲ್ಲ. ನಿಲ್ಲಿಸಿದರೆ ಆ ಅಣ್ಣ ತಾನೇ ಎಂದು ಒಪ್ಪಿಕೊಂಡಂತೆ. ಬಾರಿಸಿದರೆ ತನ್ನ ಮರ್ಯಾದೆಯನ್ನು ತಾನೇ ಕುಟ್ಟಿದಂತೆ. ಕುಟ್ಟಿದ.

"ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಜನ ಕಿರುಚಿದರು.

ಚಿಕ್ಕಪ್ಪ ಮೆಲ್ಲಗೆ ಬಂದು, "ನಾನಿನ್ನು ಮನೆಗೆ ಹೋಗ್ಲೇನಮ್ಮ?" ಎಂದ.

"ಎಲ್ಲಿಗೆ? 'ನಮ್ಮಣ್ಣ' ಅನ್ನೋ ಕಡೆ ಜೋರಾಗಿ ಸೇರ್ಕೊ ಚಿಕ್ಕಪ್ಪ" ಎಂದಳು. ಸಂತೋಷಕ್ಕೆ ಅವಳ ಕಣ್ಣು ಒದ್ದೆಯಾಗಿತ್ತು. ಮೈಕನ್ನು ಭದ್ರವಾಗಿ ಹಿಡಿದುಕೊಂಡೇ ಅಣ್ಣನ ಕಡೆ ತಿರುಗಿದಳು.

"ಹೂಂ, ಶುರು ಮಾಡೋ. ಈ ಸಲ ಸ್ವಲ್ಪ ನಿಧಾನ, ಎಲ್ರಿಗೂ ಸರಿಯಾಗಿ ಕೇಳ್ಲಿ."