ಅರ್ಧಣ್ಣ ಪೂರ್ತಿ ಕೊಟ್ಟದ್ದು

ಹಳೇ ಕುರ್ಚಿ, ಮೇಜು, ಮಂಚ ಕೊಂಡು ಮಾರುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಆದರೆ ಬೀದಿಗೆಲ್ಲ ಅವನು ಅರ್ಧಣ್ಣ. ಯಾರು ಯಾವ ಬೆಲೆಯನ್ನೇ ಹೇಳಲಿ, ಅದರ ಅರ್ಧದಿಂದಲೇ ಅವನ ಮಾತು ಶುರುವಾಗಬೇಕು. ಬೇಡ ಬಿಡಿ ಎಂದು ಬಾಗಿಲವರೆಗೆ ಹೋಗುವುದು, ನಿಧಾನಕ್ಕೆ ಚಪ್ಪಲಿ ಮೆಟ್ಟುವುದು, ಹಿಂದಿನಿಂದ ಕರೆದರೆ ಕಿವಿ ಕೇಳಿಸದವನ ಹಾಗೆ ಇನ್ನೆರಡು ಹೆಜ್ಜೆ ಹಾಕುವುದು, ಈ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯಿ ತೆರೆದುಕೊಂಡೇ ಚೌಕಾಸಿ ಮಾಡಿದ್ದನಂತೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ತನಗೋಸ್ಕರವೇ ಹುಟ್ಟಿದ್ದು ಎಂದು ಅವನ ನಂಬಿಕೆ.

ಅವನ ಅಕ್ಕ ಬೆತ್ತದ ಕುರ್ಚಿ ಹೆಣೆಯುವವಳು. ಬೀದಿಯ ತಿರುವಿನಲ್ಲಿ, ದೊಡ್ಡ ಕಿಟಕಿಯಿದ್ದ ಬಾಡಿಗೆ ಕೋಣೆಯಲ್ಲಿ ಅವಳ ಕೆಲಸ. ಬೆತ್ತದ ಪಟ್ಟಿಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಕುರ್ಚಿಯ ತೂತಿನಿಂದ ತೂತಿಗೆ ಎಳೆದು ಬಿಗಿಯಬೇಕು. ಬೆಳಕು ಕಡಿಮೆಯಾದರೆ ಹೆಣಿಗೆ ಕೆಟ್ಟಿತೆಂದೇ ಲೆಕ್ಕ. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದ್ದು ಅವಳೇ. ತಮ್ಮನ ಬಾಯಿ ಎಷ್ಟು ಜೋರೋ ಅವಳ ಮಾತು ಅಷ್ಟು ಕಡಿಮೆ.

ಕೆಲವು ವರ್ಷಗಳ ಹಿಂದೆ ಅರ್ಧಣ್ಣ ಒಂದು ಗೋದಾಮು ಹಿಡಿಯಲು ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿದ್ದ. ಒಬ್ಬನ ಹೆಸರಿಗೆ ಕೊಡುವುದಿಲ್ಲ ಎಂದಾಗ ಅಕ್ಕನೂ ಜೊತೆಗೆ ಸಹಿ ಹಾಕಿದಳು. ಗೋದಾಮಿಗೆ ನೀರು ನುಗ್ಗಿ ಮಂಚ, ಬೀರುಗಳೆಲ್ಲ ಉಬ್ಬಿಹೋದವು, ಕಂತು ನಿಂತಿತು. ಫೋನು ಬಂತು, ಆಳು ಬಂದರು, ಕೊನೆಗೆ ಅವರಿಗೂ ಸಾಕಾಯಿತು. ಹೋದ ವರ್ಷ ವಸೂಲಿಯವನು ಮತ್ತೆ ಬಂದು, ಏನಾದರೊಂದಿಷ್ಟು ಕಟ್ಟಿ ಮುಗಿಸಿಕೊಳ್ಳಿ ಎಂದ. ಅರ್ಧಣ್ಣನ ಕಣ್ಣು ಅರಳಿತು. ಮೂರು ದಿನ ಹಗ್ಗಜಗ್ಗಾಟ ನಡೆದು, ಅರ್ಧಕ್ಕಿಂತ ಕಡಿಮೆಗೆ ಸಾಲ ಚುಕ್ತಾ ಆಯಿತು. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂದು ನಗುತ್ತ ಬೀದಿಗೆಲ್ಲ ಸಿಹಿ ಹಂಚಿದ. ಆ ದಿನ ಅಕ್ಕನೂ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಈಗ ಅಕ್ಕ ಹೆಣೆಯುತ್ತಿದ್ದ ಕೋಣೆಯ ಯಜಮಾನ ಅದನ್ನು ಮಾರಲು ಹೊರಟಿದ್ದ. ಅಕ್ಕ ತಾನೇ ಕೊಳ್ಳುತ್ತೇನೆ ಎಂದಳು. ಇನ್ನೊಬ್ಬ ಗಿರಾಕಿ ಕಾದು ಕೂತಿದ್ದಾನೆ, ಆದರೂ ನಿನಗಾಗಿ ಎರಡು ತಿಂಗಳು ತಡೆಯುತ್ತೇನೆ ಎಂದ ಯಜಮಾನ. ಕೈಯಲ್ಲಿ ಉಳಿತಾಯ ಸ್ವಲ್ಪವಿತ್ತು, ಮಿಕ್ಕದ್ದಕ್ಕೆ ಬ್ಯಾಂಕಿಗೆ ಹೋದಳು. ಬ್ಯಾಂಕು ಆಗುವುದಿಲ್ಲ ಎಂದಿತು. ಕಾರಣ ಕೇಳಿದರೆ, ಆ ಹಳೇ ಸಾಲ.

ಮುಗಿದುಹೋದ ಸಾಲಕ್ಕೆ ಇದೆಂಥ ತಕರಾರು ಎಂದು ಅರ್ಧಣ್ಣ ತೋಳೇರಿಸಿಕೊಂಡು ಅಕ್ಕನ ಜೊತೆ ಬ್ಯಾಂಕಿಗೆ ನಡೆದ. ಸಾಲದ ಅಧಿಕಾರಿ ನಡುವಯಸ್ಸಿನ ಹೆಂಗಸು. ಅವನ ಅಬ್ಬರವನ್ನೆಲ್ಲ ಮುಗಿಯುವವರೆಗೂ ಕೇಳಿ, ಕುಡಿಯಲು ನೀರು ತರಿಸಿ, ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದರು. ಯಾರು ಎಲ್ಲಿ ಸಾಲ ಮಾಡಿದರೂ ಅದರ ದಾಖಲೆ ಬ್ಯಾಂಕುಗಳಿಗೆಲ್ಲ ಕಾಣುತ್ತದೆ ಎಂದರು. ಪೂರ್ತಿ ಕಟ್ಟಿದ ಸಾಲಕ್ಕೆ ಪೂರ್ತಿ ತೀರಿದೆ ಎಂದು ಬರುತ್ತದೆ. ಕಡಿಮೆಗೆ ಮುಗಿಸಿಕೊಂಡ ಸಾಲಕ್ಕೆ ರಾಜಿಯಲ್ಲಿ ಇತ್ಯರ್ಥವಾಗಿದೆ ಎಂದು ಬರುತ್ತದೆ. ಕಟ್ಟದೇ ಬಿಡುವುದಕ್ಕಿಂತ ಅದು ವಾಸಿ, ಆದರೆ ನಾಳೆ ಸಾಲ ಕೊಡುವವರು ಅದನ್ನು ಓದಿದಾಗ, ಇವರು ಹಿಂದಿನವರಿಗೆ ಬಾಕಿ ಉಳಿಸಿದವರು ಎಂದೇ ತಿಳಿಯುತ್ತಾರೆ. ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ, ಸಹಿ ಹಾಕಿದ ಇಬ್ಬರ ಹೆಸರಿನಲ್ಲೂ.

“ಅವರೇ ಒಪ್ಕೊಂಡಿದ್ರಲ್ಲ ಮೇಡಂ. ನಾನೇನು ಕದ್ದಿಲ್ವಲ್ಲ,” ಎಂದ ಅರ್ಧಣ್ಣ.

“ಒಪ್ಪಿದ್ದು ನಿಜ. ಇನ್ನು ನಿಮ್ಮನ್ನ ಯಾರೂ ಕೇಳಲ್ಲ. ಆದ್ರೆ ನಡೆದದ್ದನ್ನ ನಡೆದ ಹಾಗೇ ಬರೀಬೇಕಲ್ವಾ?”

ಬಿಟ್ಟ ಬಾಕಿಯನ್ನು ಈಗ ಕಟ್ಟಿ, ಆ ಕಂಪನಿಯವರೇ ಪೂರ್ತಿ ತೀರಿದೆ ಎಂದು ತಿದ್ದಿ ಕಳಿಸಿದರೆ ಮತ್ತೆ ನೋಡಬಹುದು ಎಂದರು ಆಕೆ. ಕಂತು ತಪ್ಪಿಸಿದ್ದು ಆಗಲೂ ಕೆಲಕಾಲ ಕಾಣುತ್ತದೆ, ಸಾಲ ಸಿಕ್ಕೇ ಸಿಗುತ್ತದೆಂದು ಭರವಸೆ ಕೊಡಲಾರೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಅರ್ಧಣ್ಣ ಅಕ್ಕನ ಹಿಂದೆ ಹಿಂದೆಯೇ ವಾಪಸು ನಡೆದ. ಅಕ್ಕ ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದ. ಅವಳು ಬೈಯಲಿಲ್ಲ. ಕೋಣೆಗೆ ಬಂದವಳೇ ಬೆತ್ತದ ಕಟ್ಟುಗಳನ್ನು ಮೂಟೆ ಕಟ್ಟತೊಡಗಿದಳು. ಮನೆಯ ಹಿಂದಿನ ಕೋಣೆಯಲ್ಲೇ ಹೆಣೆದರಾಯಿತು ಎಂದಳು. ಆ ಕೋಣೆಗೆ ಕಿಟಕಿಯೇ ಇಲ್ಲ, ಅವಳ ಕಣ್ಣೋ ಈಗಾಗಲೇ ಮಂಜು. ಅಲ್ಲಿ ಕೂತರೆ ವರ್ಷದೊಳಗೆ ಅವಳ ಕಸುಬೇ ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತಿತ್ತು.

“ನಂದೇ ತಪ್ಪು ಅಕ್ಕ,” ಎಂದ.

“ನೀನು ದುಡ್ಡು ಉಳಿಸ್ದೆ ಅಂತ ನಾನೂ ಖುಷಿಪಟ್ಟಿದ್ನಲ್ಲೋ. ಇಬ್ರಿಗೂ ತಿಳೀಲಿಲ್ಲ, ಬಿಡು.”

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಣ್ಣುವವಳು ಇನ್ನೊಬ್ಬಳು.

ಮರುದಿನ ಬೆಳಿಗ್ಗೆ ಅವನು ಕುರ್ಚಿ, ಮಂಚ ಸಾಗಿಸುತ್ತಿದ್ದ ತನ್ನ ವ್ಯಾನು ತೊಳೆದು, ಪೇಟೆಯ ಆ ತುದಿಯಲ್ಲಿದ್ದ ಎದುರಾಳಿ ವ್ಯಾಪಾರಿ ದಪ್ಪಣ್ಣನ ಅಂಗಡಿ ಮುಂದೆ ತಂದು ನಿಲ್ಲಿಸಿದ. ಆ ವ್ಯಾನಿನ ಮೇಲೆ ದಪ್ಪಣ್ಣನಿಗೆ ಬಹಳ ದಿನದಿಂದ ಕಣ್ಣು. ಅರ್ಧಣ್ಣನ ಜೊತೆಗಿನ ವ್ಯವಹಾರವೆಂದರೆ ಸಂಜೆವರೆಗೂ ಜಗ್ಗಾಡಬೇಕು ಎಂದುಕೊಂಡು, ನಾಚಿಕೆ ಬಿಟ್ಟು ತೀರಾ ತಳದ ಬೆಲೆ ಹೇಳಿದ. ಅರ್ಧಣ್ಣ ಮನಸ್ಸಿನಲ್ಲೇ ಬಾಕಿಗೆ ಅದು ಸಾಲುತ್ತದೋ ಎಂದು ನೋಡಿದ. ಸಾಲುತ್ತಿತ್ತು. ಇನ್ನಷ್ಟು ಕೇಳಿದರೆ ನಾಳೆ ಬಾ ಎನ್ನುತ್ತಾನೆ, ನಾಳೆಗಳು ಅವನ ಕೈಯಲ್ಲಿರಲಿಲ್ಲ.

“ಆಗ್ಲಿ, ಕೊಡು,” ಎಂದ.

ದಪ್ಪಣ್ಣ ಗಾಬರಿಯಾದ. ಬಾನೆಟ್ ಎತ್ತಿ ನೋಡಿದ, ವ್ಯಾನಿನ ಕೆಳಗೆ ತೂರಿ ನೋಡಿದ, ಎದ್ದು ಬಂದು ಅರ್ಧಣ್ಣನ ಮುಖವನ್ನೂ ನೋಡಿದ. ಮೈ ಹುಷಾರಿದೆಯಾ ಎಂದು ಕೇಳಿಯೇ ದುಡ್ಡು ಕೊಟ್ಟದ್ದು.

ಫೈನಾನ್ಸ್ ಕಂಪನಿಯಲ್ಲೂ ಅದೇ ಕತೆ. ಬಿಟ್ಟುಕೊಟ್ಟ ಬಾಕಿಯನ್ನು ತಾನಾಗಿ ಕಟ್ಟಲು ಬಂದವನನ್ನು ಅಲ್ಲಿಯವರು ಕಂಡಿರಲಿಲ್ಲ. ಒಂದು ಮೇಜಿನಿಂದ ಇನ್ನೊಂದಕ್ಕೆ ಅಟ್ಟಿದರು. ಕೊನೆಗೆ ಒಬ್ಬ ಗುಮಾಸ್ತ ಕನಿಕರದಿಂದ, ಮೇಲಿನವರನ್ನು ಕೇಳಿ ಬಡ್ಡಿಯನ್ನಾದರೂ ಬಿಡಿಸಲಾ ಎಂದ. ಅರ್ಧಣ್ಣ ಹೌಹಾರಿ ಕೈ ಮುಗಿದ.

“ಒಂದು ಕಾಸೂ ಬಿಡ್ಬೇಡಿ ಸ್ವಾಮಿ. ನಿಮ್ಮ ದಮ್ಮಯ್ಯ, ಪೂರ್ತಿ ತಗೊಳ್ಳಿ.”

ಕಂಪನಿಯವರು ತಿದ್ದಿ ಕಳಿಸಿ, ಅದು ಬ್ಯಾಂಕಿನ ಪರದೆಯಲ್ಲಿ ಕಾಣುವ ಹೊತ್ತಿಗೆ ಎರಡು ತಿಂಗಳು ಮುಗಿಯುತ್ತ ಬಂದಿತ್ತು. ದುಡ್ಡೆಲ್ಲಿಂದ ಬಂತು ಎಂದು ಅಕ್ಕ ಕೇಳಿದಾಗ ಹಳೇ ಗಿರಾಕಿಗಳು ಕೊಟ್ಟರು ಎಂದಿದ್ದ. ವ್ಯಾನು ಎಲ್ಲಿ ಎಂದಾಗ ರಿಪೇರಿಗೆ ಬಿಟ್ಟಿದ್ದೇನೆ ಎಂದಿದ್ದ. ತಪ್ಪಿದ ಕಂತುಗಳು ಪರದೆಯಲ್ಲಿ ಇನ್ನೂ ಇದ್ದವು. ಆದರೂ ಅಧಿಕಾರಿ ಮೇಲಿನವರ ಜೊತೆ ವಾದ ಮಾಡಿ, ಬಡ್ಡಿ ಒಂದಿಷ್ಟು ಜಾಸ್ತಿ ಹಾಕಿ, ಸಾಲ ಮಂಜೂರು ಮಾಡಿಸಿದರು. ಕೋಣೆ ಅಕ್ಕನದಾಯಿತು.

ಆ ದಿನ ಬ್ಯಾಂಕಿನಿಂದ ಬರುವಾಗ ದಪ್ಪಣ್ಣ ಅವರ ಪಕ್ಕದಲ್ಲೇ ವ್ಯಾನು ನಿಲ್ಲಿಸಿ, ಒಳ್ಳೇ ಗಾಡಿ ಕೊಟ್ಟೆ ಮಾರಾಯ ಎಂದು ಕೈ ಬೀಸಿ ಮುಂದೆ ಹೋದ. ಅಕ್ಕ ಅಲ್ಲೇ ನಿಂತುಬಿಟ್ಟಳು. ಎಷ್ಟಕ್ಕೆ ಮಾರಿದೆ ಎಂದಳು. ಅರ್ಧಣ್ಣ ನೆಲ ನೋಡುತ್ತ ಹೇಳಿದ.

“ಅಷ್ಟಕ್ಕಾ? ನೀನು ಇನ್ನೂ ಸ್ವಲ್ಪ ಕೇಳ್ಲಿಲ್ವೇನೋ?”

“ಇಲ್ಲ ಅಕ್ಕ.”

ಬ್ಯಾಂಕು ಆಗುವುದಿಲ್ಲ ಎಂದ ದಿನ ಅಳದವಳು, ಮೂಟೆ ಕಟ್ಟುವಾಗ ಅಳದವಳು, ನಡುಬೀದಿಯಲ್ಲಿ ತಮ್ಮನ ತೋಳು ಹಿಡಿದುಕೊಂಡು ಅತ್ತಳು. ಜನ ನೋಡ್ತಾರೆ ಅಕ್ಕ ಎಂದ ಅವನು. ನೋಡಲಿ ಎಂದಳು ಅವಳು.